ಮನೆಯಿಡೀ ಸಂಗೀತ: ಪ್ಯಾಸಿವ್ ಸ್ಪೀಕರ್, ಸ್ಟ್ರೀಮಿಂಗ್ ಆಂಪ್ಲಿಫಯರ್ ಮತ್ತು ಗೋಡೆಯೊಳಗಿನ ತಂತಿ

ಬೆಳಿಗ್ಗೆ ದೇವರಮನೆಯಲ್ಲಿ ಸುಪ್ರಭಾತ, ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ವಾರ್ತೆ, ಮಹಡಿಯ ಕೋಣೆಯಲ್ಲಿ ಮಕ್ಕಳಿಗೆ ಬೇಕಾದ ಹಾಡು. ಸಂಜೆ ನೆಂಟರು ಬಂದರೆ ಹಾಲ್, ಸಿಟೌಟ್, ತಾರಸಿ ಮೂರರಲ್ಲೂ ಒಂದೇ ವೀಣಾವಾದನ. ಮನೆಯನ್ನು ಹೀಗೆ ಬೇರೆಬೇರೆ ವಲಯಗಳಾಗಿ ಹಂಚಿ, ಒಂದೊಂದಕ್ಕೂ ಬೇಕಾದ್ದನ್ನು ಬೇಕಾದಷ್ಟು ಗಟ್ಟಿಯಾಗಿ ಕೇಳಿಸುವ, ಬೇಕೆನಿಸಿದಾಗ ಎಲ್ಲವನ್ನೂ ಒಂದುಗೂಡಿಸುವ ವ್ಯವಸ್ಥೆಗೆ ಮಲ್ಟಿ-ಜೋನ್ ಆಡಿಯೊ ಎನ್ನುತ್ತಾರೆ. ಇದನ್ನು ಮಾಡಲು ದಾರಿಗಳು ಹಲವು. ಕೋಣೆಗೊಂದು ವೈರ್‌ಲೆಸ್ ಸ್ಪೀಕರ್ ತಂದಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಈ ಲೇಖನ ಹೇಳುವುದು ಅದಕ್ಕಿಂತ ಸ್ವಲ್ಪ ಶ್ರಮದ, ಆದರೆ ಬಹುಕಾಲ ಬಾಳುವ ಇನ್ನೊಂದು ದಾರಿಯನ್ನು: ಗೋಡೆಯಲ್ಲಿ, ಸೀಲಿಂಗಿನಲ್ಲಿ ಪ್ಯಾಸಿವ್ ಸ್ಪೀಕರ್‌ಗಳು; ಒಂದು ಮೂಲೆಯ ಕಪಾಟಿನಲ್ಲಿ ಅವನ್ನೆಲ್ಲ ನುಡಿಸುವ ಸ್ಟ್ರೀಮಿಂಗ್ ಆಂಪ್ಲಿಫಯರ್‌ಗಳು; ಎರಡರ ನಡುವೆ ತಾಮ್ರದ ತಂತಿ.

ಎರಡು ಭಾಗ, ಎರಡು ಆಯುಸ್ಸು

ಪ್ಯಾಸಿವ್ ಸ್ಪೀಕರ್ ಎಂದರೆ ತನ್ನೊಳಗೆ ಆಂಪ್ಲಿಫಯರ್ ಇಲ್ಲದ ಸ್ಪೀಕರ್. ಒಂದು ವೂಫರ್, ಒಂದು ಟ್ವೀಟರ್, ಮಂದ್ರ-ತಾರ ಸ್ವರಗಳನ್ನು ಇಬ್ಬರಿಗೂ ಹಂಚುವ ಕ್ರಾಸ್‌ಓವರ್ ಎಂಬ ಸಣ್ಣ ಸರ್ಕ್ಯೂಟ್, ಹಿಂದೆ ಕೆಂಪು-ಕಪ್ಪು ಎರಡು ಟರ್ಮಿನಲ್. ಅದಕ್ಕೆ ಪ್ಲಗ್ ಬೇಡ, ಪಾಸ್‌ವರ್ಡ್ ಬೇಡ, ಸಾಫ್ಟ್‌ವೇರ್ ಅಪ್‌ಡೇಟ್ ಬೇಡ. ಸ್ಟ್ರೀಮಿಂಗ್ ಆಂಪ್ಲಿಫಯರ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಇಂಟರ್‌ನೆಟ್‌ನಿಂದಲೋ ಫೋನಿನಿಂದಲೋ ಮನೆಯ ಹಾರ್ಡ್ ಡಿಸ್ಕ್‌ನಿಂದಲೋ ಹಾಡನ್ನು ತರಿಸಿಕೊಂಡು, ಡಿಜಿಟಲ್ ಅಂಕಿಗಳನ್ನು ಧ್ವನಿಸಂಕೇತವಾಗಿಸಿ, ಸ್ಪೀಕರ್ ಕದಲಿಸುವಷ್ಟು ಶಕ್ತಿ ತುಂಬುವ ಪುಟ್ಟ ಕಂಪ್ಯೂಟರ್ ಅದು.

ಈ ಜಾತಿಯ ಪೆಟ್ಟಿಗೆ ಮನೆಗಳಿಗೆ ಬಂದು ಇಪ್ಪತ್ತು ವರ್ಷ ದಾಟಿತು. 2005ರಲ್ಲಿ ಅಮೆರಿಕದ ಸೋನೋಸ್ ಕಂಪನಿ ಹೊರತಂದ ಮೊದಲ ಉತ್ಪನ್ನ ಜೋನ್‌ಪ್ಲೇಯರ್ 100ರಲ್ಲಿ ಚಾನೆಲ್‌ಗೆ 50 ವ್ಯಾಟ್‌ನ ಆಂಪ್ಲಿಫಯರ್ ಒಳಗೇ ಇತ್ತು. ಸ್ಪೀಕರ್ ಮಾತ್ರ ನಮ್ಮದು. ಈಗ ಅದೇ ಕಂಪನಿಯ ಸೋನೋಸ್ ಆಂಪ್ 8 ಓಮ್‌ಗೆ ಚಾನೆಲ್ಲಿಗೆ 125 ವ್ಯಾಟ್ ಕೊಡುತ್ತದೆ. 2023ರಲ್ಲಿ ಬಂದ ವಿಮ್ ಆಂಪ್ 60 ವ್ಯಾಟ್ ಕೊಡುತ್ತದೆ, ಬೆಲೆಯೂ ಬಹಳ ಕಡಿಮೆ. ಕೆನಡಾದ ಬ್ಲೂಸೌಂಡ್ ಪವರ್‌ನೋಡ್, ಡೆನನ್‌ನ ಹಿಯೋಸ್, ಯಮಾಹಾದ ಮ್ಯೂಸಿಕ್‌ಕಾಸ್ಟ್ ಇದೇ ಸಾಲಿನವು.

ಇವುಗಳಲ್ಲಿ ಯಾವುದು ಒಳ್ಳೆಯದು ಎಂಬುದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ: ಇವು ಯಾವುವೂ ಬಹುಕಾಲ ಬಾಳುವುದಿಲ್ಲ. ಕೆಟ್ಟುಹೋಗದಿದ್ದರೂ ಹಳತಾಗುತ್ತವೆ. ಲಾಜಿಟೆಕ್ ತನ್ನ ಜನಪ್ರಿಯ ಸ್ಕ್ವೀಝ್‌ಬಾಕ್ಸ್ ಸಾಲನ್ನು 2012ರಲ್ಲಿ ನಿಲ್ಲಿಸಿತು. 2015ರಲ್ಲಿ ಬಂದ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ತಯಾರಿಕೆ 2019ರ ಜನವರಿಗೆ ನಿಂತುಹೋಯಿತು. ಮಾರಾಟವಾಗಿದ್ದವೂ 2025ರ ಮಾರ್ಚ್‌ನಲ್ಲಿ ಒಂದು ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದ ಕಾರಣಕ್ಕೆ ಲೋಕದಾದ್ಯಂತ ಕೆಲವು ದಿನ ಸುಮ್ಮನಾದವು. 2020ರಲ್ಲಿ ಸೋನೋಸ್ ಹೊಸ ಸಾಫ್ಟ್‌ವೇರ್ ತಂದಾಗ ಮೊದಲ ತಲೆಮಾರಿನ ಪೆಟ್ಟಿಗೆಗಳು ಹಳೆಯದರಲ್ಲೇ ಉಳಿಯಬೇಕಾಯಿತು. ಅದೇ ಅವಧಿಯಲ್ಲಿ ಅವುಗಳಿಗೆ ಜೋಡಿಸಿದ್ದ ಪ್ಯಾಸಿವ್ ಸ್ಪೀಕರ್‌ಗಳಿಗೆ ಏನೂ ಆಗಲಿಲ್ಲ. ಪೆಟ್ಟಿಗೆ ಬದಲಿಸಿ ಅದೇ ಎರಡು ತಂತಿ ಸಿಕ್ಕಿಸಿದರೆ ಮತ್ತೆ ಹಾಡು. ಒಳ್ಳೆಯ ಸ್ಪೀಕರ್ ಮೂವತ್ತು ವರ್ಷ ಬಾಳುತ್ತದೆ, ತಾಮ್ರ ಇನ್ನೂ ಹೆಚ್ಚು. ಹಣವನ್ನು ಎಲ್ಲಿ ಧಾರಾಳವಾಗಿ ಹಾಕಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬ ತೀರ್ಮಾನ ಇಲ್ಲಿಂದಲೇ ಹುಟ್ಟಬೇಕು.

ವಲಯಗಳನ್ನು ಗುರುತಿಸುವುದು

ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಎರಡಂತಸ್ತಿನ ಮನೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು, ಮೈಸೂರು, ದಾವಣಗೆರೆಗಳ ಬಡಾವಣೆಗಳಲ್ಲಿ ಇಂಥವೇ ಹೆಚ್ಚು. ಹತ್ತು ಕೋಣೆ ಇದ್ದ ಮಾತ್ರಕ್ಕೆ ಹತ್ತು ವಲಯ ಬೇಕಿಲ್ಲ. ಒಂದೇ ಹೊತ್ತಿನಲ್ಲಿ ಬೇರೆಬೇರೆ ಹಾಡು ಬೇಕಾಗುವ ಜಾಗಗಳು ಎಷ್ಟು ಎಂದು ಎಣಿಸಿದರೆ ಸಾಮಾನ್ಯವಾಗಿ ನಾಲ್ಕು ಸಿಗುತ್ತವೆ: ಹಾಲ್, ಅಡುಗೆಮನೆ ಮತ್ತು ಊಟದ ಜಾಗ, ಮಹಡಿಯ ಮಲಗುವ ಕೋಣೆ, ಸಿಟೌಟ್ ಅಥವಾ ತಾರಸಿ. ಬಾಗಿಲಿಲ್ಲದೆ ಒಂದಕ್ಕೊಂದು ತೆರೆದುಕೊಂಡ ಜಾಗಗಳನ್ನು ಒಂದೇ ವಲಯ ಎಂದುಕೊಳ್ಳುವುದು ಜಾಣತನ. ಹಾಲಿನಲ್ಲಿ ಒಂದು ಹಾಡು, ಪಕ್ಕದ ಊಟದ ಮೇಜಿನ ಮೇಲೆ ಇನ್ನೊಂದು ಹಾಡಾದರೆ ಎರಡೂ ಕೆಡುತ್ತವೆ.

ಹಾಲಿನಲ್ಲಿ ಕೂತು ಮನಸ್ಸಿಟ್ಟು ಕೇಳುವವರಿಗೆ ಎಡ-ಬಲ ಎರಡು ಸ್ಪೀಕರ್ ಕಿವಿಯ ಮಟ್ಟದಲ್ಲಿ ಇರಬೇಕು. ಸೀಲಿಂಗಿನಿಂದ ಇಳಿಯುವ ಮೃದಂಗ ಎಂದೂ ಎದುರಿಗೆ ಕೂತು ನುಡಿಸಿದಂತೆ ಕೇಳದು. ಅಡುಗೆಮನೆಯ ವಿಷಯ ಬೇರೆ. ಅಲ್ಲಿ ಕೇಳುವವರು ಒಲೆಗೂ ಸಿಂಕಿಗೂ ನಡುವೆ ಓಡಾಡುತ್ತಿರುತ್ತಾರೆ, ಎಡ-ಬಲದ ಭೇದಕ್ಕೆ ಅರ್ಥವಿಲ್ಲ. ಫಾಲ್ಸ್ ಸೀಲಿಂಗಿನಲ್ಲಿ ಆರೂವರೆ ಇಂಚಿನ ಎರಡು ಸ್ಪೀಕರ್ ಕೂರಿಸಿ, ಆಂಪ್ಲಿಫಯರ್‌ನ ಸೆಟ್ಟಿಂಗ್‌ನಲ್ಲಿ ಮೋನೊ ಮಾಡಿದರೆ ಎಲ್ಲಿ ನಿಂತರೂ ಪೂರ್ತಿ ಹಾಡು ಕೇಳುತ್ತದೆ. ಮೋನೊ ಮಾಡದೆ ಬಿಟ್ಟರೆ ಒಲೆಯ ಬಳಿ ಬರೀ ಪಿಟೀಲು, ಫ್ರಿಜ್ ಬಳಿ ಬರೀ ಘಟ. ಕುಕ್ಕರ್ ಸೀಟಿ, ಮಿಕ್ಸಿ, ಎಕ್ಸಾಸ್ಟ್ ಫ್ಯಾನಿನ ಸದ್ದನ್ನೂ ದಾಟಬೇಕಾದ್ದರಿಂದ ಇಲ್ಲಿನ ಸ್ಪೀಕರ್‌ಗಳು ಒಲೆಯ ನೇರ ಮೇಲಿರದೆ ನಿಲ್ಲುವವರ ತಲೆಯ ಮೇಲಿರಲಿ. ಎಣ್ಣೆಜಿಡ್ಡಿನ ಹಬೆ ಸ್ಪೀಕರ್ ಕೋನ್‌ಗೆ ಒಳ್ಳೆಯದಲ್ಲ.

ತಾರಸಿಗೂ ಸಿಟೌಟಿಗೂ ನೀರು-ಧೂಳು ತಡೆಯುವ ಹೊರಾಂಗಣ ಸ್ಪೀಕರ್‌ಗಳನ್ನೇ ಕೊಳ್ಳಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ತೆರೆದ ತಾಮ್ರದ ತುದಿ ಹಸಿರುಗಟ್ಟಿ ಸದ್ದು ಕರಕರ ಅನ್ನತೊಡಗುತ್ತದೆ. ಅಲ್ಲಿ ತುದಿಗಳಿಗೆ ಲಗ್ ಹಾಕಿ ಮುಚ್ಚುವುದು ಕಡ್ಡಾಯ.

ತಂತಿಯ ವಿಷಯ

ಅಮೆರಿಕದ ಮನೆಗಳ ಗೋಡೆ ಒಳಗೆ ಟೊಳ್ಳು. ಮರದ ಚೌಕಟ್ಟಿಗೆ ಹಲಗೆ ಬಡಿದದ್ದು. ಮನೆ ಕಟ್ಟಿದ ಹತ್ತು ವರ್ಷದ ಮೇಲೂ ಅಲ್ಲಿ ಮೇಲಿಂದ ತಂತಿ ಇಳಿಬಿಡಬಹುದು. ನಮ್ಮದು ಇಟ್ಟಿಗೆ, ಸಿಮೆಂಟ್ ಬ್ಲಾಕ್, ಕಾಂಕ್ರೀಟ್. ಇಂಗ್ಲಿಷ್ ವಿಡಿಯೊಗಳಲ್ಲಿ ತೋರಿಸುವ ಉಪಾಯಗಳು ಇಲ್ಲಿ ನಡೆಯುವುದಿಲ್ಲ. ಪೈಪ್ ಹಾಕಿದರೆ ಮೋಲ್ಡ್ ಹಾಕುವಾಗ, ಇಲ್ಲವೇ ಪ್ಲಾಸ್ಟರಿಂಗ್‌ಗೆ ಮುಂಚೆ. ಆಮೇಲೆ ಉಳಿಯುವುದು ಗೋಡೆ ಕೊರೆಯುವ ಧೂಳು, ಇಲ್ಲವೇ ಕಣ್ಣಿಗೆ ಕಾಣುವ ಪಟ್ಟಿ.

ತಂತಿ ಎಷ್ಟು ದಪ್ಪ ಇರಬೇಕು? ತಾಮ್ರಕ್ಕೂ ಒಂದಿಷ್ಟು ತಡೆ ಇದೆ. 1.5 ಚದರ ಮಿ.ಮೀ. ತಂತಿಯಲ್ಲಿ ಮೀಟರಿಗೆ ಸುಮಾರು 0.0115 ಓಮ್. ವಿದ್ಯುತ್ತು ಹೋಗಿ ಬರಬೇಕಾದ್ದರಿಂದ ಇದನ್ನು ಇಮ್ಮಡಿ ಮಾಡಿ ಲೆಕ್ಕ ಹಾಕಬೇಕು. ತಂತಿಯ ಒಟ್ಟು ತಡೆ ಸ್ಪೀಕರಿನ ಓಮ್‌ನ ಶೇ 5 ದಾಟಬಾರದು ಎಂಬುದು ರೂಢಿಯ ಮಿತಿ. 8 ಓಮ್ ಸ್ಪೀಕರಿಗೆ ಅದು 0.4 ಓಮ್. ಹಾಗಾದರೆ 1.5 ಚದರ ಮಿ.ಮೀ. ತಂತಿ ಸುಮಾರು 17 ಮೀಟರ್ ದೂರಕ್ಕೆ ಸಾಕು, 2.5ರದ್ದು 29 ಮೀಟರಿಗೆ. ಅಂಗಡಿಯಲ್ಲಿ ಸ್ಪೀಕರ್ ವೈರ್ ಎಂದು ಕೊಡುವ 0.75ರದ್ದು 9 ಮೀಟರಿಗೇ ಸುಸ್ತು. 4 ಓಮ್ ಸ್ಪೀಕರಾದರೆ ಈ ದೂರಗಳೆಲ್ಲ ಅರ್ಧ. ಮೂವತ್ತು-ನಲವತ್ತರ ಮನೆಯಲ್ಲಿ ಪೈಪಿನ ಸುತ್ತುಬಳಸು ಸೇರಿಸಿದರೂ ಬಹುಪಾಲು ಸ್ಪೀಕರ್‌ಗಳಿಗೆ 1.5 ಸಾಕು, ತಾರಸಿಗೆ ಮಾತ್ರ 2.5 ಎಳೆಸಿದರೆ ನೆಮ್ಮದಿ.

ಕೊಳ್ಳುವಾಗ ಶುದ್ಧ ತಾಮ್ರವೇ ಎಂದು ಖಾತ್ರಿ ಮಾಡಿಕೊಳ್ಳಿ. ಅಗ್ಗದ ಸ್ಪೀಕರ್ ವೈರ್ ಎಷ್ಟೋ ಸಲ ತಾಮ್ರ ಸವರಿದ ಅಲ್ಯೂಮಿನಿಯಂ ಆಗಿರುತ್ತದೆ. ಎಳೆಯೊಂದನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ. ಅದರ ವಾಹಕತೆ ತಾಮ್ರದ ಮೂರನೇ ಎರಡು ಭಾಗವೂ ಇಲ್ಲ, ಬಗ್ಗಿಸಿದರೆ ಮುರಿಯುತ್ತದೆ. ಸಾವಿರಾರು ರೂಪಾಯಿ ಕೇಳುವ ಅಲಂಕಾರದ ಕೇಬಲ್ಲುಗಳೂ ಬೇಡ. ಸಾಕಷ್ಟು ದಪ್ಪದ ಸಾದಾ ತಾಮ್ರ ಅವುಗಳಷ್ಟೇ ಚೆನ್ನಾಗಿ ಹಾಡುತ್ತದೆ. ಮನೆ ವೈರಿಂಗ್‌ನ ಕೆಂಪು-ಕಪ್ಪು ತಂತಿಯೇ ಉಳಿದಿದೆ, ಅದನ್ನೇ ಎಳೆಯುತ್ತೇನೆ ಎಂದು ಎಲೆಕ್ಟ್ರಿಷಿಯನ್ ಹೇಳಬಹುದು. ಧ್ವನಿಯ ದೃಷ್ಟಿಯಿಂದ ಅಡ್ಡಿಯಿಲ್ಲ. ಆದರೆ ಹತ್ತು ವರ್ಷದ ನಂತರ ಬೇರೊಬ್ಬರು ಬೋರ್ಡ್ ಬಿಚ್ಚಿ, ಅದನ್ನು 230 ವೋಲ್ಟ್ ಲೈನ್ ಎಂದುಕೊಂಡು ಜೋಡಿಸುವ ಅಪಾಯವಿದೆ. ನೋಡಿದೊಡನೆ ಬೇರೆ ಎಂದು ತಿಳಿಯುವ ಜೋಡಿತಂತಿಯನ್ನೇ ಹಾಕಿಸಿ, ಕರೆಂಟಿನ ಪೈಪಿನೊಳಗೆ ಅದನ್ನು ಯಾವತ್ತೂ ಸೇರಿಸಬೇಡಿ. ಬೇರೆ ಪೈಪು, ಒಂದಡಿ ಅಂತರ; ದಾಟಲೇಬೇಕಾದರೆ ಲಂಬವಾಗಿ ದಾಟಲಿ.

ನಮ್ಮ ಮನೆಯಲ್ಲಿ ತಂತಿ ಎಳೆದವರು ತುದಿಗಳಿಗೆ ಚೀಟಿ ಅಂಟಿಸಿರಲಿಲ್ಲ. ಕಪಾಟಿನ ಡಬ್ಬದೊಳಗೆ ಒಂದೇ ಬಣ್ಣದ ಎಂಟು ಜೋಡಿ ತುದಿಗಳು, ಯಾವುದು ಯಾವ ಕೋಣೆಯದೆಂದು ಹೇಳುವವರಿಲ್ಲ. ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ನೆರವಿಗೆ ಬಂತು. ಸೆಲ್ಲಿನ ಎರಡು ತುದಿಗೆ ಒಂದು ಜೋಡಿ ತಂತಿಯನ್ನು ತಟ್ಟನೆ ಮುಟ್ಟಿಸಿ ಬಿಟ್ಟರೆ ಆ ಸ್ಪೀಕರ್ ಟಪ್ ಎನ್ನುತ್ತದೆ. ಮಗಳು ಮನೆಯೆಲ್ಲ ಓಡಾಡುತ್ತ, “ಅಪ್ಪಾ, ಅಡುಗೆಮನೇದು! ಎಡಗಡೇದು!” ಎಂದು ಕೂಗುತ್ತಿದ್ದಳು, ನಾನು ಟೇಪ್ ಸುತ್ತಿ ಬರೆಯುತ್ತಿದ್ದೆ. ಇದೇ ಪರೀಕ್ಷೆಯಿಂದ ಪ್ಲಸ್-ಮೈನಸ್ ಕೂಡ ತಿಳಿಯುತ್ತದೆ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಕೆಂಪು ಟರ್ಮಿನಲ್ಲಿಗೆ ಸೇರಿದ್ದರೆ ವೂಫರ್ ಕೋನ್ ಹೊರಕ್ಕೆ ಜಿಗಿಯುತ್ತದೆ, ತಿರುಗುಮುರುಗಾಗಿದ್ದರೆ ಒಳಕ್ಕೆ. ಜೋಡಿಯ ಒಂದು ಸ್ಪೀಕರ್ ಉಲ್ಟಾ ಆದರೆ ಎರಡೂ ಹಾಡುತ್ತವೆ, ಕೆಟ್ಟಂತೆಯೂ ತೋರುವುದಿಲ್ಲ. ಆದರೆ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಸರಿದು, ಮೃದಂಗದ ತೊಪ್ಪಿಯ ಗುಂಕಾರ ಗಾಳಿಯಲ್ಲೇ ಅಳಿಸಿಹೋಗುತ್ತದೆ. ಹಾಡು ತೆಳ್ಳಗಾಗಿದೆ ಎನಿಸಿದರೆ ಮೊದಲು ನೋಡಬೇಕಾದ್ದು ಇದನ್ನು.

ತುದಿ ಸುಲಿಯುವಾಗ ಒಂದು ಸೆಂಟಿಮೀಟರಿನಷ್ಟೇ ಸುಲಿದು, ಎಳೆಗಳನ್ನೆಲ್ಲ ಬಿಗಿಯಾಗಿ ಹುರಿಮಾಡಿ ಟರ್ಮಿನಲ್ಲಿಗೆ ಸೇರಿಸಿ. ಕೂದಲಿನಂಥ ಒಂದೇ ಎಳೆ ಪಕ್ಕದ ಟರ್ಮಿನಲ್ಲನ್ನು ತಾಗಿದರೂ ಶಾರ್ಟ್.

ಓಮ್‌ಗಳ ಲೆಕ್ಕ

ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯೇ ಇಂಪೀಡೆನ್ಸ್. ಪೆಟ್ಟಿಗೆಯ ಮೇಲೆ 8, 6 ಅಥವಾ 4 ಓಮ್ ಎಂದು ಬರೆದಿರುತ್ತಾರೆ. ಒಂದೇ ಚಾನೆಲ್ಲಿಗೆ 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಆಂಪ್ಲಿಫಯರಿಗೆ ಕಾಣುವುದು 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್. ಹೆಚ್ಚಿನ ಸ್ಟ್ರೀಮಿಂಗ್ ಆಂಪ್ಲಿಫಯರ್‌ಗಳು 4 ಓಮ್‌ವರೆಗೆ ತಾಳುತ್ತವೆ. ಅದಕ್ಕಿಂತ ಕೆಳಗಿಳಿದರೆ ಬಿಸಿಯಾಗಿ ತಾವೇ ಆಫ್ ಆಗುತ್ತವೆ ಅಥವಾ ಸುಡುತ್ತವೆ. ಎರಡು ಸ್ಪೀಕರ್‌ಗಳನ್ನು ಸಾಲಾಗಿ ಒಂದರ ಹಿಂದೊಂದು ಜೋಡಿಸಿದರೆ 16 ಓಮ್ ಆಗುತ್ತದೆ. ಅಪಾಯವಿಲ್ಲ, ಶಕ್ತಿ ಕಡಿಮೆ. ಎರಡು ಬೇರೆಬೇರೆ ಮಾದರಿಯ ಸ್ಪೀಕರ್‌ಗಳನ್ನು ಹೀಗೆ ಸಾಲಾಗಿ ಪೋಣಿಸಬಾರದು, ಎರಡರ ಸ್ವರವೂ ಕೆಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ಸ್ಟೀರಿಯೊಗಳಲ್ಲಿ ಎಡ-ಬಲ ಎರಡೂ ಚಾನೆಲ್ಲಿನ ಮೈನಸ್ ಒಂದೇ ಆಗಿರುತ್ತಿತ್ತು. ಆ ಕಾಲದ ವೈರಿಂಗ್‌ನಲ್ಲಿ ಮೂರೇ ತಂತಿ ಎಳೆದು ಮೈನಸ್ಸನ್ನು ಹಂಚಿಕೊಂಡ ಮನೆಗಳಿವೆ. ಇಂದಿನ ಕ್ಲಾಸ್-ಡಿ ಆಂಪ್ಲಿಫಯರ್‌ಗಳಲ್ಲಿ ಬಹುಪಾಲಿನವು ಮೈನಸ್ ತುದಿಯಲ್ಲೂ ವಿದ್ಯುತ್ತನ್ನು ತಳ್ಳುತ್ತವೆ. ಅಂಥದಕ್ಕೆ ಎರಡು ಮೈನಸ್‌ಗಳನ್ನು ಸೇರಿಸಿದ ಕ್ಷಣ ಆಂಪ್ಲಿಫಯರ್ ಹಾಳಾಗಬಹುದು. ಪ್ರತಿ ಸ್ಪೀಕರಿಗೂ ತನ್ನದೇ ಎರಡು ತಂತಿ, ಕಪಾಟಿನವರೆಗೂ. ಹಳೆಯ ಸ್ಪೀಕರ್ ಸೆಲೆಕ್ಟರ್ ಡಬ್ಬಗಳನ್ನು ಬಳಸುವ ಮುನ್ನವೂ ಇದನ್ನು ಪರೀಕ್ಷಿಸಬೇಕು.

ದೇವಸ್ಥಾನ, ಕಲ್ಯಾಣ ಮಂಟಪ, ಹೋಟೆಲುಗಳಲ್ಲಿ ಒಂದೇ ಆಂಪ್ಲಿಫಯರಿಗೆ ಇಪ್ಪತ್ತು-ಮೂವತ್ತು ಸ್ಪೀಕರ್ ಹೇಗೆ ಹಾಡುತ್ತವೆ ಎಂಬ ಪ್ರಶ್ನೆ ಏಳಬಹುದು. ಅವು 100 ವೋಲ್ಟ್ ಲೈನ್ ಪದ್ಧತಿಯವು. ಪ್ರತಿ ಸ್ಪೀಕರಿನಲ್ಲೂ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಬಹುದೂರ ಎಳೆಯಲು, ಮಾತು ಕೇಳಿಸಲು ಅದು ಉತ್ತಮ. ಮನೆಗೆ ಅದು ಬೇಡ. ಅಲ್ಲಿನ ಸ್ಪೀಕರನ್ನು ತಂದು ಮನೆಯ ಆಂಪ್ಲಿಫಯರಿಗೆ ನೇರ ಜೋಡಿಸಲೂ ಬರುವುದಿಲ್ಲ.

ಎಷ್ಟು ವ್ಯಾಟ್ ಬೇಕು?

ನಾವು ಅಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ. ಸಾಧಾರಣ ಸ್ಪೀಕರೊಂದು 1 ವ್ಯಾಟ್ ಪಡೆದು 1 ಮೀಟರ್ ದೂರದಲ್ಲಿ 87 ಡೆಸಿಬಲ್ ಸದ್ದು ಮಾಡುತ್ತದೆ. ಮೂರು ಮೀಟರ್ ದೂರದ ಸೋಫಾಕ್ಕೆ ಬರುವಾಗ ಅದು 77ರ ಆಸುಪಾಸಿಗೆ ಇಳಿದರೂ ಮಾತಾಡುವವರು ಧ್ವನಿ ಏರಿಸಬೇಕಾಗುತ್ತದೆ. ಅಂದರೆ ದಿನನಿತ್ಯ ನಾವು ಕೇಳುವುದು ಒಂದು ವ್ಯಾಟಿನ ಒಳಗೇ. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬಲ್ ಅಷ್ಟೆ. ಕಿವಿಗೆ ಸದ್ದು ಇಮ್ಮಡಿ ಅನ್ನಿಸಲು ಹತ್ತು ಪಟ್ಟು ಶಕ್ತಿ ಬೇಕು. ತನಿಯಾವರ್ತನದ ಮುಕ್ತಾಯದಂಥ ಕ್ಷಣಿಕ ಏರುಗಳಿಗೆ ಮೀಸಲು ಶಕ್ತಿ ಇರಬೇಕೆಂಬ ಕಾರಣಕ್ಕೆ 50-60 ವ್ಯಾಟ್ ಇಟ್ಟುಕೊಂಡರೆ ಮನೆಯ ಯಾವ ಕೋಣೆಗೂ ಸಾಕು. 60ರ ಬದಲು 125 ಕೊಂಡರೆ ಸಿಗುವ ಹೆಚ್ಚಳ 3 ಡೆಸಿಬಲ್ ಎಂಬುದನ್ನು ನೆನಪಿಡಿ. ಆ ಹಣವನ್ನು ಸ್ಪೀಕರಿಗೆ ಹಾಕುವುದು ಲೇಸು.

ಒಂದೇ ಹಾಡು, ಒಂದೇ ಕ್ಷಣ

ಮಧ್ಯಾಹ್ನದ ವಾರ್ತೆಯ ಹೊತ್ತಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದರೆ, ಮನೆಮನೆಯ ರೇಡಿಯೊದಿಂದ ಪ್ರದೇಶ ಸಮಾಚಾರದ ಒಂದು ಪದವೂ ತಪ್ಪದೆ ಕೇಳುತ್ತಿದ್ದ ಕಾಲವಿತ್ತು. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಬರುತ್ತದೆ, ಬಂದದ್ದು ತಕ್ಷಣ ನುಡಿಯುತ್ತದೆ. ಹಾಗಾಗಿ ಯಾರೂ ಹೊಂದಿಸದೆಯೇ ಎಲ್ಲ ರೇಡಿಯೊಗಳೂ ಒಂದೇ ತಾಳದಲ್ಲಿದ್ದವು. ಇಂದು ಎರಡು ಫೋನುಗಳಲ್ಲಿ ಒಂದೇ ವಾಹಿನಿ ಹಚ್ಚಿ ನೋಡಿ, ಒಂದು ಇನ್ನೊಂದನ್ನು ಅಣಕಿಸಿದಂತೆ ಹಿಂದೆ ಬೀಳುತ್ತದೆ. ಡಿಜಿಟಲ್ ಸಾಧನಗಳು ಹಾಡನ್ನು ತುಂಡುತುಂಡಾಗಿ ತರಿಸಿ, ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ನುಡಿಸುವುದೇ ಇದಕ್ಕೆ ಕಾರಣ.

ಒಟ್ಟಿಗೆ ಶುರುಮಾಡಿದರೂ ಸಮಸ್ಯೆ ಮುಗಿಯದು. ಪ್ರತಿ ಪೆಟ್ಟಿಗೆಯೊಳಗೂ ಒಂದು ಸ್ಫಟಿಕ ಗಡಿಯಾರವಿದೆ, ಸಿ.ಡಿ. ಗುಣಮಟ್ಟದ ಹಾಡಿಗೆ ಅದು ಸೆಕೆಂಡಿಗೆ 44,100 ಸಲ ಮಿಡಿಯಬೇಕು. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ, ಒಂದು ಗಂಟೆಯಲ್ಲಿ ಎರಡು ಕೋಣೆಗಳ ಹಾಡು 0.18 ಸೆಕೆಂಡ್ ದೂರವಾಗುತ್ತದೆ. ಅದು ಸ್ಪಷ್ಟವಾಗಿ ಪ್ರತಿಧ್ವನಿಯಂತೆ ಕೇಳುತ್ತದೆ. ಆದ್ದರಿಂದ ಗುಂಪಿನ ಒಂದು ಪೆಟ್ಟಿಗೆ ಮೇಳದ ತಾಳಧಾರಿಯಾಗುತ್ತದೆ. ಉಳಿದವು ಕ್ಷಣಕ್ಷಣವೂ ಅದರ ಹೊತ್ತನ್ನು ಕೇಳಿ, ತಮ್ಮ ವೇಗವನ್ನು ಕಿವಿಗೆ ತಿಳಿಯದಷ್ಟು ಹೆಚ್ಚುಕಡಿಮೆ ಮಾಡಿಕೊಳ್ಳುತ್ತವೆ.

ಕಿವಿ ಎಷ್ಟು ಸಹಿಸುತ್ತದೆ? 1949ರಲ್ಲಿ ಹೆಲ್ಮುಟ್ ಹಾಸ್ ತನ್ನ ಪ್ರಬಂಧದಲ್ಲಿ ವಿವರಿಸಿದಂತೆ, ಸುಮಾರು 30 ಮಿಲಿಸೆಕೆಂಡಿನೊಳಗೆ ಹಿಂದೆಮುಂದೆ ಬಂದ ಎರಡು ಸದ್ದುಗಳನ್ನು ನಾವು ಒಂದಾಗಿ ಕೇಳುತ್ತೇವೆ. ಗಾಳಿಯಲ್ಲಿ ಸದ್ದು 10 ಮೀಟರ್ ಸಾಗಲು ತೆಗೆದುಕೊಳ್ಳುವುದೂ ಅಷ್ಟೇ ಹೊತ್ತು. ಹಾಗಾಗಿ ಕೋಣೆಕೋಣೆಗಳ ನಡುವೆ ಕೆಲವು ಮಿಲಿಸೆಕೆಂಡ್ ಆಚೀಚೆಯಾದರೆ ತೊಂದರೆಯಿಲ್ಲ. ಆದರೆ ಒಂದೇ ಕೋಣೆಯ ಎಡ-ಬಲಗಳ ನಡುವೆ ಒಂದೇ ಒಂದು ಮಿಲಿಸೆಕೆಂಡ್ ತಪ್ಪಿದರೂ ಗಾಯಕಿ ನಡುವಿನಿಂದ ಒಂದು ಬದಿಗೆ ಸರಿದುಬಿಡುತ್ತಾಳೆ. ಪ್ಯಾಸಿವ್ ಜೋಡಿಯ ದೊಡ್ಡ ಅನುಕೂಲ ಇಲ್ಲಿದೆ: ಎಡ-ಬಲ ಎರಡೂ ಒಂದೇ ಆಂಪ್ಲಿಫಯರಿನ ಒಂದೇ ಗಡಿಯಾರದಿಂದ ನಡೆಯುತ್ತವೆ.

ಬೇರೆಬೇರೆ ಕಂಪನಿಗಳ ಪೆಟ್ಟಿಗೆಗಳು ಸಾಮಾನ್ಯವಾಗಿ ಒಂದು ತಾಳಕ್ಕೆ ಬರುವುದಿಲ್ಲ, ಒಬ್ಬೊಬ್ಬರದು ಒಂದೊಂದು ಗುಟ್ಟಿನ ಭಾಷೆ. 2018ರಲ್ಲಿ ಬಂದ ಆಪಲ್‌ನ ಏರ್‌ಪ್ಲೇ 2 ಹಲವು ಕಂಪನಿಗಳನ್ನು ಒಂದುಗೂಡಿಸುತ್ತದೆ, ಆದರೆ ಹಾಡು ಕಳಿಸುವುದು ಸಾಮಾನ್ಯವಾಗಿ ಆಪಲ್ ಸಾಧನವೇ ಆಗಿರಬೇಕು. ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ ರಾಸ್ಪ್‌ಬೆರಿ ಪೈ ಮೇಲೆ ಓಡುವ ಸ್ನ್ಯಾಪ್‌ಕಾಸ್ಟ್, ಸ್ಕ್ವೀಝ್‌ಬಾಕ್ಸ್‌ನ ಕಾಲದಿಂದ ಬೆಳೆದುಬಂದು ಈಗ ಲಿರಿಯನ್ ಎಂಬ ಹೆಸರಿನಲ್ಲಿರುವ ಮುಕ್ತ ತಂತ್ರಾಂಶಗಳಿವೆ. ಕಂಪನಿ ಕೈಬಿಟ್ಟ ಸ್ಕ್ವೀಝ್‌ಬಾಕ್ಸ್‌ಗಳು ಇಂದಿಗೂ ಹಾಡುತ್ತಿರುವುದು ಆ ತಂತ್ರಾಂಶವನ್ನು ಕಾಪಾಡಿದ ಸ್ವಯಂಸೇವಕರಿಂದ.

ನೆಟ್‌ವರ್ಕ್, ಕರೆಂಟು, ಬಿಸಿ

ಹಾಡು ನಡುವೆ ಕಡಿಯುತ್ತಿದ್ದರೆ ಹತ್ತರಲ್ಲಿ ಎಂಟು ಸಲ ತಪ್ಪು ವೈಫೈಯದು ಎಂಬುದು ನನ್ನ ಅನುಭವ. ಕಾಂಕ್ರೀಟಿನ ಮೋಲ್ಡ್ ದಾಟುವಾಗ 5 ಗಿಗಾಹರ್ಟ್ಸ್ ಅಲೆ ಬಹಳ ಸೊರಗುತ್ತದೆ. ಆಂಪ್ಲಿಫಯರ್‌ಗಳನ್ನೆಲ್ಲ ಒಂದೇ ಕಪಾಟಿನಲ್ಲಿ ಇಡುವುದರ ಲಾಭ ಇಲ್ಲಿ ಸಿಗುತ್ತದೆ. ರೂಟರನ್ನೂ ಅಲ್ಲೇ ಇಟ್ಟು, ಎಲ್ಲದಕ್ಕೂ ಲ್ಯಾನ್ ಕೇಬಲ್ ಸಿಕ್ಕಿಸಿದರೆ ವೈಫೈಯ ಹಂಗೇ ಇಲ್ಲ.

ಕಪಾಟಿಗೆ ಗಾಳಿಯಾಡುವ ಬಾಗಿಲಿರಲಿ, ಪೆಟ್ಟಿಗೆಗಳ ನಡುವೆ ಮೂರು-ನಾಲ್ಕು ಬೆರಳು ಜಾಗ ಬಿಡಿ. ಇನ್ವರ್ಟರ್ ಲೈನಿನಿಂದ ರೂಟರಿಗೂ ಒಂದೆರಡು ಆಂಪ್ಲಿಫಯರಿಗೂ ಸಂಪರ್ಕ ಕೊಡಿಸಬಹುದು, ಇನ್ವರ್ಟರ್ ಸೈನ್ ವೇವ್‌ನದಾಗಿದ್ದರೆ ಮಾತ್ರ; ಸ್ಕ್ವೇರ್ ವೇವ್‌ನದಾದರೆ ಗುಂಯ್‌ಗುಡುವ ಸದ್ದು ಸೇರಿಕೊಳ್ಳುತ್ತದೆ. ಮಲೆನಾಡಿನಲ್ಲಿ ಗುಡುಗಿನ ದಿನ ತಾರಸಿಯ ಸ್ಪೀಕರ್ ತಂತಿಯನ್ನೂ ಪ್ಲಗ್ಗನ್ನೂ ಕಿತ್ತಿಡುವುದೇ ಕ್ಷೇಮ. ಹೊರಗೆ ಚಾಚಿದ ಉದ್ದ ತಂತಿಯಲ್ಲಿ ಸಿಡಿಲಿನ ಅಲೆ ಹರಿದು ಒಳಗಿನ ಪೆಟ್ಟಿಗೆಗೆ ನುಗ್ಗಬಲ್ಲದು.

ಅಟ್ಟದ ಮೇಲಿನ ಸ್ಪೀಕರ್‌ಗಳು

ಎಂಬತ್ತು-ತೊಂಬತ್ತರ ದಶಕದ ಸೋನೊಡೈನ್, ಫಿಲಿಪ್ಸ್ ಸ್ಟೀರಿಯೊಗಳ ಮರದ ಪೆಟ್ಟಿಗೆಯ ಸ್ಪೀಕರ್‌ಗಳು ಅನೇಕ ಮನೆಗಳ ಅಟ್ಟದಲ್ಲಿವೆ. ಗುಜರಿಗೆ ಹಾಕುವ ಮುನ್ನ ಮುಂಬಟ್ಟೆ ತೆಗೆದು ನೋಡಿ. ಕೋನ್ ಸುತ್ತಲಿನ ಅಂಚು ರಬ್ಬರಿನದಾಗಿದ್ದರೆ ಬಹುಶಃ ಸುಸ್ಥಿತಿಯಲ್ಲಿರುತ್ತದೆ. ಫೋಮಿನದಾಗಿದ್ದರೆ ಮುಟ್ಟಿದರೆ ಪುಡಿಯಾಗುತ್ತದೆ. ಆಗಲೂ ನಿರಾಶೆ ಬೇಡ. ಅಂಚು ಮಾತ್ರ ಬದಲಿಸಿಕೊಡುವ ರಿಪೇರಿಯವರು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳ ಸುತ್ತಮುತ್ತ ವಿಚಾರಿಸಿದರೆ ಸಿಗುತ್ತಾರೆ. ಹಿಂದಿನ ಓಮ್ ಓದಿ, 4ಕ್ಕಿಂತ ಕಡಿಮೆ ಇಲ್ಲದಿದ್ದರೆ ಇಂದಿನ ಸ್ಟ್ರೀಮಿಂಗ್ ಆಂಪ್ಲಿಫಯರಿಗೆ ಜೋಡಿಸಿ. ಅಪ್ಪ ಕ್ಯಾಸೆಟ್ ಹಾಕಿ ಕೇಳುತ್ತಿದ್ದ ಪೆಟ್ಟಿಗೆಯಲ್ಲೇ ಆಕಾಶವಾಣಿಯ ರಾಗಂ ವಾಹಿನಿಯನ್ನು ಇಂಟರ್‌ನೆಟ್ ಮೂಲಕ ಕೇಳಬಹುದು. ಎಲ್ಲಕ್ಕೂ ಮೊದಲ ವಲಯ ಅದೇ ಆಗಲಿ; ಉಳಿದ ಕೋಣೆಗಳನ್ನು ವರ್ಷಕ್ಕೊಂದರಂತೆ ಸೇರಿಸಿಕೊಂಡರೂ ನಡೆಯುತ್ತದೆ.

ಮನೆ ಕಟ್ಟಿಸುತ್ತಿರುವವರು ಮಾತ್ರ ತಡಮಾಡಬಾರದು. ಆಂಪ್ಲಿಫಯರ್ ಯಾವುದೆಂದು ಈಗಲೇ ತೀರ್ಮಾನಿಸಬೇಕಿಲ್ಲ, ಸ್ಪೀಕರನ್ನೂ ಈಗಲೇ ಕೊಳ್ಳಬೇಕಿಲ್ಲ. ಸ್ಪೀಕರ್ ಬರಬಹುದಾದ ಪ್ರತಿ ಜಾಗದಿಂದ ಕಪಾಟಿನವರೆಗೆ 25 ಮಿ.ಮೀ. ಪೈಪ್ ಹಾಕಿಸಿ, ಒಳಗೆ ಎಳೆದಾರ ಬಿಡಿಸಿ. ಪ್ಲಾಸ್ಟರಿಂಗ್ ಶುರುವಾಗುವ ಹಿಂದಿನ ದಿನ ಅಳತೆಯ ಟೇಪನ್ನು ಗೋಡೆಗೆ ಹಿಡಿದು, ಪೈಪ್ ಹೋದ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ.